ಅರ್ಧ ಕಡಲು, ಅರ್ಧ ಕಾಡು, ನಡುವೆ 1930



ಪೋಸ್ಟ್ ಉದ್ದ ಇದೆ. ನಾಳೆ ಬಾಬಾಸಾಹೇಬರ ಜಯಂತಿ, ಎಲ್ಲರೂ ಬ್ಯಾನರ್ ಕಟ್ಟೋದ್ರಲ್ಲಿ, ಮೈಕ್‌ಸೆಟ್ ಹುಡುಕೋದ್ರಲ್ಲಿ ಇರ್ತೀರಿ, ಗೊತ್ತು. ರಾತ್ರಿ ಮಲಗೋ ಮುಂಚೆ ಓದಿದ್ರೂ ಸಾಕು.

ಎರಡು ವಾರದ ಹಿಂದೆ ಗೆಳೆಯನೊಬ್ಬ ವಾಟ್ಸಾಪಲ್ಲಿ ಒಂದು ಮ್ಯಾಪ್ ಕಳಿಸಿದ. ಬೆಂಗಳೂರಿನ ಯಾವುದೋ ಸೈಕಲ್ ಗುಂಪಿನವರು ಮಾಡಿದ್ದು. ಅಂಕೋಲಾದಿಂದ ಹೊರಟು ಮಂಜಗುಣಿ, ಅಲ್ಲಿ ಗಂಗಾವಳಿ ನದಿ ದಾಟಿ ಗೋಕರ್ಣ, ಮುಂದೆ ಸಾಣಿಕಟ್ಟಾ, ಮಾದನಗೇರಿ, ಅಲ್ಲಿಂದ ಹೆದ್ದಾರಿ ಹಿಡಿದು ಗುಡ್ಡದ ಬುಡದಲ್ಲೇ ಶಿರೂರಿನ ಮೇಲೆ ವಾಪಸ್ ಅಂಕೋಲಾ. ಒಂದು ಸುತ್ತು, ಹತ್ತಿರ ಹತ್ತಿರ 50 ಕಿಲೋಮೀಟರ್. ಕೆಳಗೆ ಬರೆದಿದ್ರು: ಅರ್ಧ ಕಡಲು, ಅರ್ಧ ಕಾಡು, ಮಧ್ಯಮ ಕಷ್ಟ, ಮೂರು ನಾಲ್ಕು ತಾಸು ಸಾಕು. 'ನಿಮ್ಮೂರು ಇಷ್ಟು ಚಂದ ಅಂತ ಹೇಳ್ಲೇ ಇಲ್ವಲ್ಲ ಮಾರಾಯಾ' ಅಂತ ಗೆಳೆಯನ ಮೆಸೇಜು.

ಚಂದ ಇದೆ, ಸುಳ್ಳಲ್ಲ. ಆದ್ರೆ ಆ 'ಮಧ್ಯಮ ಕಷ್ಟ' ಅನ್ನೋ ಮಾತು ತಲೆಯಲ್ಲೇ ಕೂತುಬಿಡ್ತು. ನನ್ನ ಅಜ್ಜ ಈ ದಾರಿಯ ಒಂದು ತುದಿಯಲ್ಲಿ ಉಪ್ಪು ತುಳಿದು, ಇನ್ನೊಂದು ತುದಿಯಲ್ಲಿ ಕಾಡಂಚಿನ ಒಂದು ತುಂಡು ನೆಲದಲ್ಲಿ ಬದುಕಿದವ. ಆ ನೆಲದಲ್ಲಿ ಈಗ ನನ್ನ ಸೋದರತ್ತೆ ಇದ್ದಾಳೆ. ಅವಳ ಅರಣ್ಯ ಹಕ್ಕಿನ ಅರ್ಜಿ ವಾಪಸ್ ಬಂದಿದೆ, ಕಾರಣ ಒಂದೇ ಸಾಲು: 75 ವರ್ಷದ ದಾಖಲೆ ಇಲ್ಲ. ಅದರ ಮೇಲಿನ ಮೇಲ್ಮನವಿಗೆ ಊರ ಹಿರಿಯರೊಬ್ಬರ ಹೇಳಿಕೆ ಬರೆಸಿಕೊಳ್ಳೋದು ಬಾಕಿ ಇತ್ತು. ಸರಿ, ಹೇಗೂ ಹೋಗಬೇಕು, ಈ ಸುತ್ತನ್ನೇ ಹೊಡೆದು ಕೊನೆಗೆ ಅತ್ತೆ ಮನೆ ಸೇರೋಣ ಅಂತ ತೀರ್ಮಾನ ಮಾಡಿದೆ. ದಿನ ಬೇಕಂತಲೇ ಆರಿಸಿದ್ದು: ಏಪ್ರಿಲ್ 13. ಇವತ್ತು.

ಸೈಕಲ್ ಬಗ್ಗೆ ಒಂದು ಮಾತು. ನನ್ನದು ಗೇರ್ ಸೈಕಲ್ಲಲ್ಲ, ಅಪ್ಪನ ಹಳೇ ಸೈಕಲ್ಲು, ಕಬ್ಬಿಣದ್ದು, ಚೈನು ಹೊಸದು. ನಮ್ಮ ಕೇರಿಗೆ ಬಂದ ಮೊದಲ ಸೈಕಲ್ ಇದೇ. ಅಪ್ಪ ಇದನ್ನ ಕೊಂಡ ವರ್ಷ, ಒಂದು ದೊಡ್ಡ ಮನೆಯ ಎದುರು ಬಂದಾಗ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಯಾರೂ ಬೋರ್ಡ್ ಹಾಕಿರಲಿಲ್ಲ. ಜಗುಲಿಯಲ್ಲಿ ಕೂತವರು ಒಮ್ಮೆ ಕೆಮ್ಮಿದ್ರೆ ಸಾಕಿತ್ತು. ಒಂದು ದಿನ ಅಪ್ಪ ಇಳಿಯಲಿಲ್ಲ. ಮುಂದಿನ ಸುಗ್ಗಿಗೆ ಆ ಮನೆಯಿಂದ ಕೂಲಿಗೆ ಕರೆ ಬರಲಿಲ್ಲ, ಅಷ್ಟೇ. ಹೊಡೆದಾಟ ಇಲ್ಲ, ಕೇಸ್ ಇಲ್ಲ, ಹಾಗಾಗಿ ಇದು ಯಾವ ದಾಖಲೆಯಲ್ಲೂ ಇಲ್ಲ. ಕಾನ್ಶೀರಾಮ್ ಸಾಹೇಬರು 1983ರಲ್ಲಿ ಡಿಎಸ್4 ಕಾರ್ಯಕರ್ತರನ್ನ ಸೈಕಲ್ ಮೇಲೆ ಕೂರಿಸಿ 40 ದಿನ ರಾಜ್ಯದಿಂದ ರಾಜ್ಯಕ್ಕೆ ಸುತ್ತಿಸಿದ್ರಲ್ಲ, ಎರಡು ಕಾಲು ಎರಡು ಚಕ್ರದ ಪವಾಡ ಅಂತ ಅದಕ್ಕೆ ಹೆಸರು ಕೊಟ್ಟಿದ್ರಲ್ಲ, ಅದರ ಅರ್ಥ ನನಗೆ ಪುಸ್ತಕ ಓದೋ ಮೊದಲೇ ಗೊತ್ತಿತ್ತು.

ಬೆಳಿಗ್ಗೆ ಆರಕ್ಕೆ ಹೊರಟೆ. ಅಂಕೋಲಾ ಪೇಟೆಯಲ್ಲಿ ಸತ್ಯಾಗ್ರಹ ಸ್ಮಾರಕ ಭವನದ ಎದುರು ಒಂದು ನಿಮಿಷ ನಿಂತೆ.

ಗೊತ್ತಿಲ್ಲದವರಿಗೆ: 1930ರ ಏಪ್ರಿಲ್ 13ರಂದು, ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರಕ್ಕೆ, ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಶುರುವಾಗಿದ್ದು ಇಲ್ಲೇ. ಎಂ.ಪಿ. ನಾಡಕರ್ಣಿಯವರು ಮುಂದೆ ನಿಂತರು. ದೊಡ್ಡ ಜನಜಂಗುಳಿ ಸೇರಿತ್ತು. ಸಮುದ್ರದ ನೀರು ತಂದು ಕಾಯಿಸಿ ಉಪ್ಪು ಮಾಡಿದರು, ಕಾನೂನು ಮುರಿದರು, ಆ ಉಪ್ಪನ್ನ ಹರಾಜು ಹಾಕಿದರು, ಜೈಲಿಗೆ ಹೋದರು. ಆಮೇಲೆ ಕರನಿರಾಕರಣೆ ಚಳವಳಿ ಬಂತು, ರೈತರು ಕಂದಾಯ ಕಟ್ಟದೆ ಜಮೀನು ಕಳಕೊಂಡರು, ದನಕರು ಕಳಕೊಂಡರು, ಹೆಂಗಸರೂ ಜೈಲು ಕಂಡರು. ಕರ್ನಾಟಕದ ಬಾರ್ಡೋಲಿ ಅಂತ ಅಂಕೋಲೆಗೆ ಹೆಸರು ಬಂದಿದ್ದು ಪುಕ್ಕಟೆ ಅಲ್ಲ. ಆ ತ್ಯಾಗವನ್ನ ನಾನು ಕಡಿಮೆ ಮಾಡಿ ಮಾತಾಡೋನಲ್ಲ. ಕಾಮೆಂಟಲ್ಲಿ ಯಾರಾದ್ರೂ ಆ ಜಗಳ ತೆಗೆಯೋ ಮೊದಲೇ ಹೇಳ್ತಿದ್ದೀನಿ.

ನನ್ನ ಪ್ರಶ್ನೆ ಬೇರೆ. ನಾನು ಶಾಲೆಯಲ್ಲಿದ್ದಾಗ ಪ್ರತಿ ಆಗಸ್ಟ್ 15ಕ್ಕೆ ಈ ಕತೆ ಕೇಳ್ತಿದ್ದೆ. ವಕೀಲರ ಹೆಸರು ಬರ್ತಿತ್ತು, ಜಮೀನ್ದಾರರ ಹೆಸರು ಬರ್ತಿತ್ತು, ವ್ಯಾಪಾರಸ್ಥರ ಹೆಸರು ಬರ್ತಿತ್ತು. ಉಪ್ಪು ಮಾಡೋ ಜಾತಿಯ ಹೆಸರು ಒಮ್ಮೆಯೂ ಬರಲಿಲ್ಲ. ಆ ಜಾತಿಯ ಹುಡುಗ ಕೊನೇ ಬೆಂಚಲ್ಲಿ ಕೂತಿದ್ದ.

ನಾವು ಆಗೇರರು. ಆಗರ ಅಂದ್ರೆ ಉಪ್ಪಿನ ಗದ್ದೆ. ಆಗರದಲ್ಲಿ ಕೆಲಸ ಮಾಡೋರು ಆಗೇರರು. ಹೆಸರಲ್ಲೇ ಕಸುಬು ಇದೆ. 1883ರಲ್ಲಿ ಅಚ್ಚಾದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಬ್ರಿಟಿಷರು ನಮ್ಮನ್ನ ಉಪ್ಪು ಮಾಡುವವರು ಅಂತಲೇ ಬರೆದಿದ್ದಾರೆ. ಇವತ್ತು ಕರ್ನಾಟಕದ ಪರಿಶಿಷ್ಟ ಜಾತಿಗಳ 101 ಹೆಸರಿನ ಪಟ್ಟಿ ತೆಗೆದು ನೋಡಿ, ಶುರುವಿನಲ್ಲೇ ಸಿಗ್ತೀವಿ. ಊರಿಗೆಲ್ಲ ಉಪ್ಪು ಕೊಟ್ಟವರು ಊರ ಹೊರಗೆ. ಉಪ್ಪಿಲ್ಲದೆ ಯಾರ ಮನೆಯ ಅಡುಗೆಯೂ ಇಲ್ಲ, ಆದ್ರೆ ಆ ಉಪ್ಪು ತುಳಿದ ಕಾಲು ಅಂಗಳ ದಾಟುವಂತಿಲ್ಲ. ನನ್ನ ಅಜ್ಜಿ ಇದನ್ನ ನಗ್ತಾ ಹೇಳ್ತಿದ್ಲು. ನನಗೆ ಯಾವತ್ತೂ ನಗು ಬಂದಿಲ್ಲ.

ಇನ್ನೊಂದು ತಾರೀಖು ಪಕ್ಕದಲ್ಲಿಟ್ಟು ನೋಡಿ. ಗಾಂಧೀಜಿ ಸಾಬರಮತಿಯಿಂದ ಹೊರಟಿದ್ದು 1930ರ ಮಾರ್ಚ್ 12. ಅದಕ್ಕೆ ಹತ್ತೇ ದಿನ ಮುಂಚೆ, ಮಾರ್ಚ್ 2ರಂದು, ನಾಸಿಕದಲ್ಲಿ ಬಾಬಾಸಾಹೇಬರ ನಾಯಕತ್ವದಲ್ಲಿ ಕಾಳಾರಾಮ ದೇವಸ್ಥಾನದ ಪ್ರವೇಶ ಸತ್ಯಾಗ್ರಹ ಶುರುವಾಗಿತ್ತು. ಸಾವಿರಾರು ಜನ ನಿಂತಿದ್ರು, ಬಾಗಿಲು ಹಾಕಿಯೇ ಇತ್ತು. ಅದೂ ಸತ್ಯಾಗ್ರಹವೇ, ಇದೂ ಸತ್ಯಾಗ್ರಹವೇ. ಅದೂ ಬಾಂಬೆ ಪ್ರಾಂತ್ಯ, ನಮ್ಮ ಉತ್ತರ ಕನ್ನಡವೂ ಆಗ ಬಾಂಬೆ ಪ್ರಾಂತ್ಯವೇ, 1862ರಿಂದ. ಅದಕ್ಕೂ ಮೂರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಮಹಾಡದ ಚವದಾರ್ ಕೆರೆ ನೀರು. ಅಲ್ಲಿ ಬಾಬಾಸಾಹೇಬರು ಹೊಸ ಹಕ್ಕೇನೂ ಕೇಳಿರಲಿಲ್ಲ. ಸರ್ಕಾರಿ ದುಡ್ಡಿನ ಬಾವಿ, ಕೆರೆ, ಶಾಲೆ, ಛತ್ರ ಎಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರ ಆಗಸ್ಟಿನಲ್ಲೇ ಬಾಂಬೆ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಗಿತ್ತು. ಕಾಗದದ ಮೇಲೆ ಅದು ಅಂಕೋಲೆಗೂ ಲಾಗೂ. ಬಾವಿ ಕಟ್ಟೆಗೆ ಬರಲಿಲ್ಲ, ಅಷ್ಟೇ.

ಈ ಬಾವಿಯ ವಿಷಯ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗ್ತದೆ.

ಮಂಜಗುಣಿಯವರೆಗೆ ದಾರಿ ಸುಖ. ತೆಂಗು, ಗದ್ದೆ, ಬೇಲಿಗೆ ಒಣಹಾಕಿದ ಬಲೆ, ಒಣಮೀನಿನ ವಾಸನೆ. ಹಿಂದೆಲ್ಲ ಇಲ್ಲಿ ದೋಣಿಗೆ ಕಾಯಬೇಕಿತ್ತು, ಈಗ ಸೇತುವೆ. ಸೇತುವೆ ಮೇಲೆ ನಿಂತ್ರೆ ಬಲಕ್ಕೆ ನದಿ ಕಡಲಿಗೆ ಸೇರೋದು ಕಾಣ್ತದೆ, ಎಡಕ್ಕೆ ತಿರುಗಿದ್ರೆ ನೀಲಿ ಗುಡ್ಡಗಳ ಸಾಲು. ಮ್ಯಾಪ್ ಮಾಡಿದೋರು ಇಲ್ಲಿ ಫೋಟೋ ತೆಗೀರಿ ಅಂತ ಗುರುತು ಹಾಕಿದ್ರು. ನಾನೂ ತೆಗೆದೆ, ಸುಳ್ಳು ಯಾಕೆ ಹೇಳ್ಲಿ. ಗೋಕರ್ಣದಲ್ಲಿ ನಿಲ್ಲಲಿಲ್ಲ. ಅಲ್ಲಿ ಭಾನುವಾರವೂ ಒಂದೇ, ಸೋಮವಾರವೂ ಒಂದೇ, ಜನವೋ ಜನ. ಒಂದು ಚಾ ಕುಡಿದೆ, ಗಾಳಿ ಹೊಡೆಸಿದೆ, ಮುಂದೆ ಹೋದೆ.

ಸಾಣಿಕಟ್ಟಾ ಬಂದಾಗ ಬಿಸಿಲು ಏರಿತ್ತು.

ಅಘನಾಶಿನಿ ನದಿ ಕಡಲು ಸೇರೋ ಮುಂಚೆ ಅಗಲವಾಗಿ ಹರಡಿಕೊಳ್ಳೋ ಜಾಗ ಇದು. ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರ್ತದೆ, ಇಳಿತದಲ್ಲಿ ವಾಪಸ್. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣ ಅಂತ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ತು. ಹಕ್ಕಿ ನೋಡೋರು ಬರ್ತಾರೆ, ಚಿಪ್ಪಿಕಲ್ಲು ತೆಗೆಯೋರು ನೀರಲ್ಲಿ ಸೊಂಟದ ತನಕ ನಿಂತಿರ್ತಾರೆ. ರಸ್ತೆ ಪಕ್ಕದಲ್ಲಿ ಚೌಕ ಚೌಕ ಪಾತಿಗಳು, ನಡುನಡುವೆ ಉಪ್ಪಿನ ರಾಶಿ. ನೋಡಿದ್ರೆ ಚಿತ್ರ ಬರೆದ ಹಾಗೆ.

ಕೆಲಸ ಹೇಗೆ ಅಂತ ಅಜ್ಜ ಹೇಳಿದ್ದನ್ನೇ ಹೇಳ್ತೀನಿ. ಉಬ್ಬರದ ನೀರನ್ನ ತೂಬಿನಿಂದ ಒಳಗೆ ಬಿಟ್ಟುಕೊಳ್ಳೋದು. ಮೊದಲು ದೊಡ್ಡ ಹೊಂಡದಲ್ಲಿ ನಿಲ್ಲಿಸಿ ಬಿಸಿಲಿಗೆ ದಪ್ಪ ಮಾಡೋದು, ಆಮೇಲೆ ಸಣ್ಣ ಪಾತಿಗೆ ಬಿಡೋದು. ಆ ಪಾತಿಯ ತಳ ಗಟ್ಟಿ ಇರಬೇಕು, ಇಲ್ಲಾಂದ್ರೆ ನೀರು ಇಂಗ್ತದೆ, ಉಪ್ಪಿಗೆ ಮಣ್ಣು ಹತ್ತುತ್ತದೆ. ತಳ ಗಟ್ಟಿ ಮಾಡೋದು ಹೇಗೆ? ಕಾಲಿಂದ. ಜೇಡಿಮಣ್ಣನ್ನ ದಿನಗಟ್ಟಲೆ ತುಳಿದು ತುಳಿದು ಸಿಮೆಂಟಿನ ಹಾಗೆ ಮಾಡಬೇಕು. ಮೂರು ನಾಲ್ಕು ದಿನಕ್ಕೆ ಹರಳು ಕಟ್ಟಿದ ಮೇಲೆ ಮರದ ಹಲಗೆಯಿಂದ ಎಳೆದು ದಂಡೆಗೆ ಹಾಕೋದು, ಹೆಂಗಸರು ಬುಟ್ಟಿಯಲ್ಲಿ ಹೊತ್ತು ರಾಶಿಗೆ ಸುರಿಯೋದು. ಬೇಸಿಗೆ ಮುಗಿಯೋ ತನಕ ಮಾತ್ರ. ಒಂದು ಮಳೆ ಬಂದ್ರೆ ಅಷ್ಟು ದಿನದ ಬಿಸಿಲು ನೀರಾಗಿ ಹೋಯ್ತು. ಅಜ್ಜನ ಹಿಮ್ಮಡಿಯ ಬಿರುಕಿನಲ್ಲಿ ನಾನು ಚಿಕ್ಕವನಿದ್ದಾಗ ನಾಲ್ಕಾಣೆ ನಾಣ್ಯ ನಿಲ್ಲಿಸಿ ಆಟ ಆಡಿದ್ದೀನಿ.

ಹಾಗಾಗಿ ನನಗೆ 1930ರ ಚಿತ್ರ ಯಾವಾಗಲೂ ಎರಡು ಹೋಳಾಗಿ ಕಾಣ್ತದೆ. ಅಂಕೋಲೆಯಲ್ಲಿ ದೊಡ್ಡವರು ಒಲೆ ಹೂಡಿ ಮಡಕೆಯಲ್ಲಿ ಸಮುದ್ರದ ನೀರು ಕಾಯಿಸ್ತಿದ್ದಾರೆ, ಹಿಡಿ ಉಪ್ಪು ಬಂದ್ರೆ ಜೈಕಾರ. ಇಲ್ಲಿ ಸಾಣಿಕಟ್ಟಾದಲ್ಲಿ ಅದೇ ಬಿಸಿಲಲ್ಲಿ ನಮ್ಮವರು ರಾಶಿ ರಾಶಿ ಉಪ್ಪು ಎಳೀತಿದ್ದಾರೆ, ಸರ್ಕಾರದ ಕಾವಲಿನಲ್ಲಿ. ಅಲ್ಲಿ ಉಪ್ಪು ಮಾಡೋದು ಅಪರಾಧ. ಇಲ್ಲಿ ಉಪ್ಪು ಮಾಡೋದು ಕೂಲಿ, ಒಂದು ಹಿಡಿ ಮನೆಗೆ ಒಯ್ದರೆ ಅಪರಾಧ.

ಕಾನೂನಿನ ಕತೆ ಸ್ವಲ್ಪ ಹಿಂದಕ್ಕೆ ಹೋಗ್ತದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿಯ ಕೈಗೆ ಬಂತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1805ರಲ್ಲಿ ಮದ್ರಾಸ್ ಸರ್ಕಾರ ಉಪ್ಪನ್ನ ತನ್ನ ಏಕಸ್ವಾಮ್ಯ ಮಾಡಿಕೊಂಡ್ತು. ಅಲ್ಲಿಯ ತನಕವೂ ಆಗರದ ಒಡೆಯರು ಬೇರೆಯವರೇ ಇದ್ರು ಅನ್ನಿ, ನಾವೇನೂ ರಾಜರಾಗಿರಲಿಲ್ಲ. ಆದ್ರೆ ಆಮೇಲೆ ಉಪ್ಪಿನ ಮೇಲೆ ಪೊಲೀಸು ಬಂದ. 1882ರ ಉಪ್ಪಿನ ಕಾಯ್ದೆ ಬಂತು. 1930ರ ಹೊತ್ತಿಗೆ ಒಂದು ಮಣಕ್ಕೆ, ಅಂದ್ರೆ ಸುಮಾರು 37 ಕಿಲೋಗೆ, ಒಂದೂಕಾಲು ರೂಪಾಯಿ ತೆರಿಗೆ. ಇದು ಬಡವನ ಮೇಲಿನ ತೆರಿಗೆ ಅಂತ ಗಾಂಧೀಜಿ ಹೇಳಿದ್ದು ನೂರಕ್ಕೆ ನೂರು ಸರಿ. ಶ್ರೀಮಂತ ಹೆಚ್ಚು ಉಪ್ಪು ತಿನ್ನೋದಿಲ್ಲ. ಬೆವರು ಸುರಿಸೋನಿಗೆ ಹೆಚ್ಚು ಬೇಕು.

1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ, ಉಪ್ಪು ಸಿಗೋ ಊರುಗಳ ಜನ ತಮ್ಮ ಮನೆ ಬಳಕೆಗೆ ಮಾಡಿಕೊಳ್ಳಬಹುದು ಅಂತಾಯ್ತು. 1947ರ ಏಪ್ರಿಲಿನಿಂದ ತೆರಿಗೆಯೇ ಹೋಯ್ತು. ಸ್ವಾತಂತ್ರ್ಯ ಬಂತು. ಪಾತಿ ತುಳಿಯೋ ಕಾಲು ಯಾರದು ಅನ್ನೋದು ಮಾತ್ರ ಬದಲಾಗಲಿಲ್ಲ. ಇಲ್ಲಿ ಉಪ್ಪಿನ ಮಾಲೀಕರ ಸಹಕಾರಿ ಸಂಘ ಇದೆ. ಸಹಕಾರಿ, ಒಳ್ಳೇದು. ಆದ್ರೆ ಹೆಸರಲ್ಲೇ ಮಾಲೀಕರು. ತುಳಿದವರು ಅಂತ ಹೆಸರಿನ ಸಂಘ ಎಲ್ಲೂ ಇಲ್ಲ. 2006ರಿಂದ ಅಯೋಡಿನ್ ಸೇರಿಸದ ಉಪ್ಪನ್ನ ಊಟಕ್ಕೆ ಅಂತ ಮಾರುವಂತಿಲ್ಲ. ಗಳಗಂಡ ತಡೆಯೋಕೆ ಮಾಡಿದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಆಗರದಿಂದ ಎತ್ತಿದ ಕಂದು ಬಣ್ಣದ ಹರಳುಪ್ಪು ಹಾಗೇ ಹೋಗೋದು ಈಗ ಒಣಮೀನಿಗೆ, ತೆಂಗಿನ ಬುಡಕ್ಕೆ. ನನ್ನ ಅತ್ತೆ ಮಾತ್ರ ಇವತ್ತಿಗೂ ಗಂಜಿಗೆ ಇದನ್ನೇ ಹಾಕೋದು. ಅರ್ಧ ಕಿಲೋ ಕಟ್ಟಿಸಿಕೊಂಡು ಹ್ಯಾಂಡಲಿಗೆ ನೇತು ಹಾಕಿದೆ.

ಮಾದನಗೇರಿಯಿಂದ ಹೆದ್ದಾರಿ. ಇಲ್ಲಿಂದ ಮ್ಯಾಪಿನ ಕಾಡು ಶುರು. ಬಲಕ್ಕೆ ಗುಡ್ಡ, ಏರು, ಇಳಿತ, ಮತ್ತೆ ಏರು. ಅಪ್ಪನ ಸೈಕಲ್ಲಿಗೆ ಇದು ಮಧ್ಯಮ ಅಲ್ಲ, ಎರಡು ಕಡೆ ಇಳಿದು ತಳ್ಳಿದೆ. ಯಾರೂ ಕೆಮ್ಮದೇ ಇಳಿದಿದ್ದು ಇದೇ ಮೊದಲು.

ದೂರದಿಂದ ಹಸಿರು ಕಾಣೋದೆಲ್ಲ ಕಾಡಲ್ಲ ಅಂತ ಊರವರಿಗೆ ಗೊತ್ತು. ಎಷ್ಟೋ ಕಡೆ ಅಕೇಶಿಯಾ ನೆಡುತೋಪು. ಅದರ ಬುಡದಲ್ಲಿ ಹುಲ್ಲೂ ಹುಟ್ಟೋದಿಲ್ಲ, ಎಲೆ ದನ ತಿನ್ನೋದಿಲ್ಲ. ಅದರ ಮೊದಲು ಅಲ್ಲಿ ಕುಂಟುನೇರಳೆ, ಮುರುಗಲು, ಹೊನ್ನೆ, ಮತ್ತಿ ಇದ್ದವು ಅಂತ ಅತ್ತೆ ಬೆರಳು ಮಡಚಿ ಹೇಳ್ತಾಳೆ.

ಈ ಕಾಡಿನಲ್ಲಿ ಯಾರಿಗೆ ಹಕ್ಕು ಅನ್ನೋದು ತೀರ್ಮಾನವಾಗಿದ್ದು ಸುಮಾರು 160 ವರ್ಷದ ಹಿಂದೆ. ಗುಡ್ಡ ಸವರಿ, ಸುಟ್ಟು, ಒಂದೆರಡು ಬೆಳೆ ತೆಗೆದು ಬೇರೆ ಕಡೆ ಹೋಗೋ ಕುಮರಿ ಬೇಸಾಯ ಇಲ್ಲಿ ಬಡವರದ್ದು. ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಕ್ಲೆಗ್‌ಹಾರ್ನ್ ಅದರ ಹಿಂದೆ ಬಿದ್ದರು. 1860ರ ಹೊತ್ತಿಗೆ ಅನುಮತಿಯಿಲ್ಲದ ಕುಮರಿ ಬಂದ್. 1878ರ ಅರಣ್ಯ ಕಾಯ್ದೆ ಬಂದು ಕಾಡು ಸರ್ಕಾರದ್ದಾಯ್ತು. ಅದೇ ಹೊತ್ತಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಉಳೀತು. ಒಂದು ಎಕರೆ ತೋಟ ಇದ್ರೆ ಗೊಬ್ಬರದ ಸೊಪ್ಪಿಗೆ ಅಂತ ಹಲವು ಎಕರೆ ಕಾಡಿನ ಮೇಲೆ ಹಕ್ಕು. ತೋಟಕ್ಕೆ ಸೊಪ್ಪು ಬೇಕು, ಒಪ್ಪಿದೆ. ತೋಟವೇ ಇಲ್ಲದವನಿಗೆ? ಅವನಿಗೆ ಒಲೆಗೆ ಕಟ್ಟಿಗೆ ತಂದ್ರೂ ಗಾರ್ಡ್.

ತಾರೀಖುಗಳನ್ನ ನೋಡ್ತಾ ಹೋದ್ರೆ ಒಂದು ಮಾತು ಕಾಣ್ತದೆ. ಕರನಿರಾಕರಣೆಯಲ್ಲಿ ಮುಟ್ಟುಗೋಲಾದ ಜಮೀನು 1937ರಲ್ಲಿ ಬಾಂಬೆಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಾನೂನು ಮಾಡಿ ವಾಪಸ್ ಕೊಟ್ಟರು. ಕೊಡಲೇಬೇಕಿತ್ತು. ಕೊಡೋಕೆ ಆಗಿದ್ದು ಯಾಕೆ? ಖಾತೆಯಲ್ಲಿ ಹೆಸರಿತ್ತು. ಅದೇ ಗದ್ದೆಯಲ್ಲಿ ದುಡಿದವನಿಗೆ ವಾಪಸ್ ಕೊಡೋಕೆ ಏನೂ ಇರಲಿಲ್ಲ, ಯಾಕಂದ್ರೆ ಅವನ ಕೈಯಿಂದ ಹೋಗಿದ್ದೂ ಕಾಗದದಲ್ಲಿ ಇರಲಿಲ್ಲ. ದಿನಕರ ದೇಸಾಯಿಯವರು ರೈತಕೂಟ ಕಟ್ಟಿ ಗೇಣಿದಾರರ ಪರ ನಿಂತರು, ಅದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನ ಐದು ವರ್ಷ ಜಿಲ್ಲೆಯಿಂದಲೇ ಗಡೀಪಾರು ಮಾಡ್ತು. ಕೊನೆಗೆ 1974ರ ಭೂಸುಧಾರಣೆ ಬಂತು, ಉಳುವವನೇ ಒಡೆಯನಾದ. ಈ ಜಿಲ್ಲೆಯಲ್ಲಿ ಅದರಿಂದ ಬದುಕು ಕಂಡವರು ಬಹಳ. ಆದ್ರೆ ಆ ಕಾನೂನು ಮಾತಾಡಿದ್ದು ಕೃಷಿ ಭೂಮಿಯ ಬಗ್ಗೆ, ಗೇಣಿಯ ಬಗ್ಗೆ. ಉಪ್ಪು ಬೆಳೆಯಲ್ಲ. ಆಗರ ತುಳಿಯೋದು ಉಳುಮೆಯಲ್ಲ. ಕೂಲಿಯವ ಗೇಣಿದಾರನಲ್ಲ. ಅಜ್ಜ ಡಿಕ್ಲರೇಷನ್ ಹಾಕೋಕೆ ಹೋಗಲೇ ಇಲ್ಲ, ಏನಂತ ಹಾಕ್ತಾನೆ?

ಶಿರೂರಿನಲ್ಲಿ ನಿಂತೆ. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನ, ರಸ್ತೆ ಪಕ್ಕದ ಚಾ ಅಂಗಡಿಯನ್ನ, ಲಾರಿಗಳನ್ನ ಗಂಗಾವಳಿಗೆ ತಳ್ಳಿತು. ಆ ರಭಸಕ್ಕೆ ಎದ್ದ ನೀರು ನದಿಯಾಚೆಯ ಉಳುವರೆಗೂ ನುಗ್ಗಿ ಮನೆಗಳನ್ನ ಒಯ್ದಿತು. ಹನ್ನೊಂದು ಜೀವ. ಕೇರಳದ ಲಾರಿ ಚಾಲಕನ ದೇಹ ಸಿಗೋಕೆ ಎರಡು ತಿಂಗಳು ಮೀರಿತು. ಗುಡ್ಡ ಈಗಲೂ ಕೆಂಪಗೆ ಸೀಳಿಕೊಂಡೇ ಇದೆ. ರಸ್ತೆಗೆ ಗುಡ್ಡ ಕಡಿಯೋಕೆ 75 ವರ್ಷದ ದಾಖಲೆ ಯಾರೂ ಕೇಳಲಿಲ್ಲ ಅಂತ ಅಲ್ಲಿ ನಿಂತಾಗ ಅನಿಸ್ತು. ಕೋಪಕ್ಕೆ ಬಂದ ಮಾತು, ಆದ್ರೂ ಬರೀತಿದ್ದೀನಿ.

ಹಾಲಕ್ಕಿಗಳ ತುಳಸಿ ಗೌಡರು ಇದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿ, ಯಾವ ಮರದ ಯಾವ ಬೀಜ ಯಾವಾಗ ಎತ್ತಬೇಕು ಅಂತ ಬಾಯಲ್ಲೇ ಇಟ್ಟುಕೊಂಡಿದ್ದವರು. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ್ರು, 2024ರ ಡಿಸೆಂಬರಿನಲ್ಲಿ ತೀರಿಕೊಂಡ್ರು. ಆ ಫೋಟೋ ಹಂಚಿದವರಲ್ಲಿ ಎಷ್ಟು ಜನಕ್ಕೆ ಗೊತ್ತು, ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲೇ ಇಲ್ಲ ಅಂತ?

ಪಟ್ಟಿಯಲ್ಲಿ ಇಲ್ಲದಿದ್ರೆ ಏನಾಗ್ತದೆ ಅನ್ನೋದೇ ಅತ್ತೆಯ ಅರ್ಜಿಯ ಕತೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಬುಡಕಟ್ಟಿನವರಾದ್ರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದರೆ ಸಾಕು. ಉಳಿದವರೆಲ್ಲ, ದಲಿತರೂ ಸೇರಿ, ಇತರೆ ಪಾರಂಪರಿಕ ಅರಣ್ಯವಾಸಿಗಳು. ಅವರು ಆ ತಾರೀಖಿಗೂ ಹಿಂದೆ ಮೂರು ತಲೆಮಾರು ಅಲ್ಲೇ ಕಾಡನ್ನ ನೆಚ್ಚಿ ಬದುಕಿದ್ರು ಅಂತ ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ, ಮೂರಕ್ಕೆ 75. ಲೆಕ್ಕ ಹಾಕಿ. 2005ರಿಂದ 75 ಕಳೆದ್ರೆ 1930. ಡಿಸೆಂಬರ್ 13, 1930. ಅಂಕೋಲೆಯಲ್ಲಿ ಉಪ್ಪು ಕಾಯಿಸಿದ ಸರಿಯಾಗಿ ಎಂಟು ತಿಂಗಳಿಗೆ.

ಅದೇ ವರ್ಷದ್ದು ಒಂದಕ್ಕೆ ಸ್ಮಾರಕ ಭವನ ಇದೆ. ಇನ್ನೊಂದಕ್ಕೆ ನಾವು ಕಾಗದ ತರಬೇಕು. 'ಕಾಗದ ಎಲ್ಲಿಂದ ತರುದೋ ತಮಾ? ನಮ್ಮ ಬದಿಗೆ ಬರ್ಯೂಕೆ ಬರುವವ್ರು ಯಾರಿದ್ರು?' ಅಂತಾಳೆ ಅತ್ತೆ. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವ ಅಪ್ಪ, ಅದೂ ನಾಲ್ಕನೇತ್ತೆ.

ಗೆಳೆಯರೇ, ಇಲ್ಲಿ ಗಮನ ಇಟ್ಟು ಓದಿ, ನಿಮ್ಮೂರಲ್ಲಿ ಇಂಥ ಅರ್ಜಿ ಇದ್ರೆ ಉಪಯೋಗ ಆಗ್ತದೆ. ಆ ಕಾಯ್ದೆಯ ನಿಯಮ 13 ನೋಡಿ. ಸರ್ಕಾರಿ ಪತ್ರವೇ ಬೇಕು ಅಂತ ಅಲ್ಲಿಲ್ಲ. ಗೆಜೆಟಿಯರ್, ಜನಗಣತಿ, ನಕ್ಷೆ ಆಗ್ತದೆ. ಗುಡಿಸಲು, ಕಟ್ಟಿದ ಬದು, ಸಮ ಮಾಡಿದ ನೆಲ ಆಗ್ತದೆ. ಬಾವಿ, ಸ್ಮಶಾನ, ದೇವರ ಬನ ಆಗ್ತದೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನ ಬರೆದುಕೊಂಡ್ರೂ ಆಗ್ತದೆ. ಇಂಥವು ಒಂದಕ್ಕಿಂತ ಹೆಚ್ಚು ಇರಬೇಕು. 'ದಾಖಲೆ ಇಲ್ಲ' ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದ ಕಚೇರಿಯವರು ಈ ನಿಯಮ ಓದಿರಲಿಲ್ಲವೋ, ಓದಿ ಮರೆತರೋ.

ಅತ್ತೆ ಮನೆ ಹಿಂದೆ ಒಂದು ಬಾವಿ ಇದೆ. ಕೆಂಪುಕಲ್ಲಿನದ್ದು, ಸಣ್ಣದು, ಏಪ್ರಿಲಿನಲ್ಲೂ ಎರಡು ಕೊಡ ನೀರು ಕೊಡ್ತದೆ. ನನ್ನ ಮುತ್ತಜ್ಜ ತೋಡಿದ್ದು ಅಂತ ನಾವು ಹೇಳ್ತೀವಿ. ಮಳೆಗಾಲಕ್ಕೆ ಆಗರ ಮುಳುಗಿದ ಮೇಲೆ ಇಲ್ಲಿಗೆ ಬಂದು ಕಾಡಂಚಲ್ಲಿ ಇರ್ತಿದ್ರು. ಊರ ಬಾವಿ ಮುಟ್ಟುವಂತಿರಲಿಲ್ಲ, ಹಾಗಾಗಿ ತೋಡಿಕೊಂಡ್ರು. ಆದ್ರೆ ನಾವು ಹೇಳಿದ್ರೆ ಸಾಕ್ಷಿಯಲ್ಲ, ನಾವು ಅರ್ಜಿದಾರರ ಕಡೆಯವರು.

ಹೇಳಿಕೆ ಕೊಡೋ ಹಿರಿಯರು ಪಕ್ಕದ ಕೊಪ್ಪದ ಹಾಲಕ್ಕಿ ಗೌಡರಜ್ಜ. 88 ವರ್ಷ ಅಂತಾರೆ. ಜಗುಲಿಯಲ್ಲಿ ಕೂತಿದ್ರು, ಕವಳ ಹಾಕ್ತಾ. ನಾನು ಕೆಳಗೆ ನಿಂತೆ, ಅಭ್ಯಾಸ. 'ಮೇಲೆ ಬಾ' ಅಂದ್ರು. ಕೂತೆ. ಆ ಬಾವಿ ಯಾವಾಗಿನದ್ದು ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ರು.

ಆಮೇಲೆ ಹೇಳಿದ್ದು ಇಷ್ಟು. ಅವರಪ್ಪ ಹುಡುಗನಿದ್ದಾಗ ಅಂಕೋಲೆಯಲ್ಲಿ ಉಪ್ಪಿನ ಗಲಾಟೆ ಆಯ್ತಂತೆ. ಉಪ್ಪಿನ ಗಲಾಟೆ ಅಂತಲೇ ಅಂದ್ರು, ಸತ್ಯಾಗ್ರಹ ಅನ್ನಲಿಲ್ಲ. ಸುತ್ತಲಿನ ಊರವರೆಲ್ಲ ನೋಡೋಕೆ ಹೊರಟಿದ್ರು. ಅವರಪ್ಪನೂ ದೊಡ್ಡವರ ಹಿಂದೆ ಓಡಿದ್ದ. ಬಿಸಿಲಿಗೆ ಬಾಯಾರಿ, ದಾರಿಯಲ್ಲಿ ಆಗೇರರ ಬಾವಿ ಕಂಡು, ಯಾರೂ ನೋಡ್ತಿಲ್ಲ ಅಂತ ನೀರು ಎತ್ತಿ ಕುಡಿದ. ಯಾರೋ ನೋಡಿದ್ರು. ರಾತ್ರಿ ಮನೆಗೆ ಬಂದ ಮೇಲೆ ಹುಣಸೆ ಬರಲಲ್ಲಿ ಪೆಟ್ಟು ಬಿತ್ತು, ಮೈಮೇಲೆ ನೀರು ಹೊಯ್ದು ಒಳಗೆ ಕರೆದ್ರು. ಗಾಂಧಿ ಉಪ್ಪು ನೋಡೋಕೆ ಹೋಗಿ ಪೆಟ್ಟು ತಿಂದೆ ಅಂತ ಅವರಪ್ಪ ಮುದುಕನಾದ ಮೇಲೂ ಹೇಳ್ತಿದ್ದನಂತೆ.

ನಾನು ಪೆನ್ನು ಹಿಡ್ಕೊಂಡು ಕೂತೇ ಇದ್ದೆ. 1930ರ ಏಪ್ರಿಲ್ 13ಕ್ಕೆ ಆ ಬಾವಿ ಅಲ್ಲಿತ್ತು. ಅದು ನಮ್ಮದು ಅಂತ ಊರಿಗೆಲ್ಲ ಗೊತ್ತಿತ್ತು. ಬೇಕಾಗಿದ್ದು ಅಷ್ಟೇ. ಎಂಟು ತಿಂಗಳು ಹೆಚ್ಚೇ ಸಿಕ್ಕಿತು.

ಬರೀತಾ ಹೋದೆ. ಪೆಟ್ಟಿನ ಸಾಲು ಬಂದಾಗ ಅಜ್ಜನ ಮೊಮ್ಮಗ, ಒಳ್ಳೇ ಹುಡುಗ, ಜಯಂತಿಗೆ ಚೇರ್ ಸಾಗಿಸೋಕೆ ಟೆಂಪೋ ಕೊಡ್ತೀನಿ ಅಂದವ, ಮೆಲ್ಲಗೆ ಅಂದ: 'ಅದೆಲ್ಲ ಬರೀಬೇಕಾ? ಬಾವಿ ಇತ್ತು ಅಂತ ಬರೆದ್ರೆ ಸಾಕಲ್ಲ?' ನನಗೂ ಒಂದು ಕ್ಷಣ ಹೌದು ಅನಿಸ್ತು. ಆ ಅಜ್ಜನ ಮನೆಯಲ್ಲಿ ಕೂತು, ಅವರ ಚಾ ಕುಡಿದು, ಅವರ ಮನೆತನದ ಮರ್ಯಾದೆ ಕಾಗದಕ್ಕೆ ಇಳಿಸೋದು ಸುಲಭ ಅಲ್ಲ. ಆದ್ರೆ ಆ ಸಾಲು ತೆಗೆದ್ರೆ ಬಾವಿ ಯಾರದು ಅನ್ನೋದಕ್ಕೆ ಏನೂ ಉಳಿಯೋದಿಲ್ಲ. ಬಾವಿಯ ಮೇಲೆ ನಮ್ಮ ಹೆಸರು ಬರೆದಿದ್ದೇ ಆ ಪೆಟ್ಟು.

ನಾನು ಏನೂ ಹೇಳಲಿಲ್ಲ. ಗೌಡರಜ್ಜ ಕವಳ ಉಗುಳಿ ಬಂದು, 'ಇದ್ದದ್ದು ಇದ್ದ ಹಾಗೆ ಬರಿ' ಅಂದ್ರು. ಎಡಗೈ ಹೆಬ್ಬೆಟ್ಟು ಒತ್ತಿದ್ರು. ಮೊಮ್ಮಗನೇ ಸಾಕ್ಷಿ ರುಜು ಹಾಕಿದ.

ಅತ್ತೆ ಮನೆಗೆ ಬಂದು ಉಪ್ಪು ಕೊಟ್ಟೆ. ಒಂದು ಹರಳು ನಾಲಿಗೆ ಮೇಲಿಟ್ಟು 'ಈ ಸಲ ಮಣ್ಣು ಹೆಚ್ಚು, ತುಳಿದದ್ದು ಸಾಲಲಿಲ್ಲ' ಅಂದ್ಲು. ಬಾವಿ ನೀರು ಕುಡಿದು, ಹೊತ್ತು ಮುಳುಗೋ ಮೊದಲು ಅಂಕೋಲಾ ಮುಟ್ಟಿದೆ. ಮೂರು ನಾಲ್ಕು ತಾಸಿನ ಸುತ್ತು ನನಗೆ ಹನ್ನೆರಡು ತಾಸು ತಗೊಂಡ್ತು.

ಗೆಜೆಟಿಯರಿನ ಪುಟದ ಪ್ರತಿ, ಬಾವಿಯ ಫೋಟೋ, ಹೇಳಿಕೆ, ಮೂರೂ ಸೇರಿಸಿ ಈ ವಾರ ಮೇಲ್ಮನವಿ ಹಾಕ್ತೀವಿ. ಗ್ರಾಮಸಭೆಯ ದಿನ ಗೊತ್ತಾದ ಕೂಡಲೇ ತಿಳಿಸ್ತೀನಿ, ಆವತ್ತು ಜನ ಬೇಕು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೆರವಣಿಗೆ ಶುರು. ಸೈಕಲ್ ಇದ್ದೋರು ಸೈಕಲ್ ತನ್ನಿ, ಆ ದೊಡ್ಡ ಮನೆ ಇರೋ ರಸ್ತೆಯಲ್ಲೇ ಹೋಗೋದು.